ನಡುವಣ ಸಂಸ್ಥೆಗಳನ್ನು ಕಟ್ಟಿದ ವಿಶ್ವೇಶ್ವರಯ್ಯ

ಕನ್ನಡದಲ್ಲಿ ‘ಮಧ್ಯವರ್ತಿ’ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಅಡಿಕೆ ಮಂಡಿಯಲ್ಲಾಗಲಿ, ತಾಲ್ಲೂಕು ಕಚೇರಿಯ ಜಗಲಿಯ ಮೇಲಾಗಲಿ, ನಡುವೆ ನಿಂತವನೆಂದರೆ ಎರಡೂ ಕಡೆಯಿಂದ ಕೈ ತುಂಬಿಸಿಕೊಳ್ಳುವವನೆಂದೇ ಜನ ತಿಳಿಯುತ್ತಾರೆ. ಅನುಭವವೂ ಬಹಳಮಟ್ಟಿಗೆ ಅದೇ ಆಗಿರುವುದರಿಂದ ಅವರನ್ನು ದೂರುವಂತಿಲ್ಲ. ಆದರೆ ವಿದ್ಯೆಯ ವಿಚಾರದಲ್ಲಿ ನಡುವೆ ನಿಲ್ಲುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ಪ್ರಯೋಗಾಲಯದಲ್ಲಿ ಹುಟ್ಟಿದ ತಿಳಿವಳಿಕೆ ತಾನಾಗಿಯೇ ನಡೆದುಕೊಂಡು ಹೋಗಿ ಅಜ್ಜಂಪುರದ ಗಾಣದ ಮನೆಯನ್ನೋ ತರೀಕೆರೆಯ ಅಡಿಕೆ ಚಪ್ಪರವನ್ನೋ ಸೇರುವುದಿಲ್ಲ. ಅದನ್ನು ಹೊತ್ತೊಯ್ಯುವವರು ಬೇಕು; ಒಯ್ದ ಮೇಲೆ ಅಲ್ಲಿ ಕೆಲಕಾಲ ತಂಗುವವರೂ ಬೇಕು.

ಈ ಸತ್ಯವನ್ನು ಒಂದು ಶತಮಾನಕ್ಕೂ ಹಿಂದೆಯೇ ಅರಿತು, ಅದಕ್ಕೆಂದೇ ಸಂಸ್ಥೆಗಳನ್ನು ಕಟ್ಟಲು ಹೊರಟವರು ಸರ್ ಎಂ. ವಿಶ್ವೇಶ್ವರಯ್ಯ. ಪ್ರತಿ ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ಮಾಲೆ ಹಾಕುವಾಗ ನಾವು ನೆನೆಯುವುದು ಕನ್ನಂಬಾಡಿ ಕಟ್ಟೆಯನ್ನು, ಭದ್ರಾವತಿಯ ಕಾರ್ಖಾನೆಯನ್ನು. ಕಣ್ಣಿಗೆ ಕಾಣುವ ಈ ಕೆಲಸಗಳ ನೆರಳಿನಲ್ಲಿ ಅವರ ಮತ್ತೊಂದು ಕೆಲಸ ಮರೆಯಾಗಿದೆ. ಜ್ಞಾನಕ್ಕೂ ಸಣ್ಣ ಉದ್ಯಮಿಗೂ ನಡುವಣ ಅಂತರವನ್ನು ತುಂಬಲು ಅವರು ಮಾಡಿದ ಪ್ರಯತ್ನವೇ ಅದು. ಅವರ ಜೀವನವನ್ನು ಆ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಪುಸ್ತಕ ಓದಿ ಅಲ್ಲ, ನನ್ನದೇ ಒಂದು ಸಹಿಯಿಂದ.

1989ರಲ್ಲಿ ನಾನು ಕಡೂರು, ತರೀಕೆರೆ ಸೀಮೆಯಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಈಗ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ಆ ಭಾಗದ ಗಾಣದ ಕುಟುಂಬವೊಂದಕ್ಕೆ ಯೋಜನೆಯೊಂದರಡಿ ಸಾಲ ಮತ್ತು ಸಹಾಯಧನ ಸೇರಿಸಿ ಕೊಬ್ಬರಿಯಿಂದ ಎಣ್ಣೆ ತೆಗೆಯುವ ವಿದ್ಯುತ್ ಎಕ್ಸ್‌ಪೆಲ್ಲರ್ ಯಂತ್ರ ದೊರಕಿತು. ಯಂತ್ರ ಬಂದಿದೆ, ಅಳವಡಿಸಲಾಗಿದೆ, ತಿರುಗುತ್ತಿದೆ ಎಂಬುದನ್ನು ಕಣ್ಣಾರೆ ಕಂಡು ಯೋಜನೆ ಅನುಷ್ಠಾನಗೊಂಡಿದೆ ಎಂಬ ಪ್ರಮಾಣಪತ್ರಕ್ಕೆ ನಾನೇ ಸಹಿ ಹಾಕಿದೆ. ಎಂಟು ತಿಂಗಳ ನಂತರ ಬೇರೊಂದು ಕೆಲಸಕ್ಕಾಗಿ ಆ ದಾರಿಯಲ್ಲಿ ಹೋದಾಗ ಯಂತ್ರದ ಮೇಲೆ ಗೋಣಿತಾಟು ಹೊದಿಸಿತ್ತು. ಕೊಬ್ಬರಿಯ ತೇವ ಎಷ್ಟಿರಬೇಕು, ಅರೆಯುವ ಮೊದಲು ಎಷ್ಟು ಬಿಸಿ ಮಾಡಬೇಕು, ಹಿಂಡಿ ಹೊರಬರುವ ಬಾಯಿಯನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಆ ಮನೆಯವರಿಗೆ ಯಾರೂ ಕಲಿಸಿರಲಿಲ್ಲ. ಎಣ್ಣೆಯ ಬಹುಭಾಗ ಹಿಂಡಿಯಲ್ಲೇ ಉಳಿಯುತ್ತಿತ್ತು. ಬಿಡಿಭಾಗಗಳು ಸವೆದಾಗ ಎಲ್ಲಿಗೆ ಹೋಗಬೇಕೆಂಬುದೂ ತಿಳಿದಿರಲಿಲ್ಲ. ಯಂತ್ರ ಬಂತೆಂದು ಗಾಣದ ಎತ್ತುಗಳನ್ನು ಮಾರಿಬಿಟ್ಟಿದ್ದರಿಂದ ಹಳೆಯ ಕಸುಬಿಗೆ ಮರಳುವ ದಾರಿಯೂ ಮುಚ್ಚಿತ್ತು. ಸಾಲದ ಕಂತು ಮಾತ್ರ ತಪ್ಪದೆ ಬೆಳೆಯುತ್ತಿತ್ತು.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ನನಗೆ ಬಂಡವಾಳ, ಯಂತ್ರ, ಮಾರುಕಟ್ಟೆ ಮೂರೂ ಇದ್ದಲ್ಲಿ ಉತ್ಪಾದನೆ ಹೆಚ್ಚಲೇಬೇಕೆಂಬ ಪಾಠ ಬಾಯಿಪಾಠವಾಗಿತ್ತು. ಇಲ್ಲಿ ಮೂರೂ ಇದ್ದವು; ಉತ್ಪಾದನೆ ಮಾತ್ರ ನಿಂತಿತ್ತು. ಕೊರತೆಯಾಗಿದ್ದುದು ನಾಲ್ಕನೆಯದು: ಬಲ್ಲವನಿಂದ ಬಳಸುವವನಿಗೆ ತಿಳಿವಳಿಕೆಯನ್ನು ದಾಟಿಸುವ ವ್ಯವಸ್ಥೆ. ವಿಶ್ವೇಶ್ವರಯ್ಯನವರ ಜೀವನದತ್ತ ನಾನು ತಿರುಗಿದ್ದು ಆ ಮೇಲೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1860ರ ದಶಕದ ಆರಂಭದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಸಾರ್ವಜನಿಕ ಹಣದಿಂದ ಓದಿದ ವಿದ್ಯೆಯ ಋಣವನ್ನು ಅವರು ಜೀವನದುದ್ದಕ್ಕೂ ಮರೆತಂತೆ ಕಾಣುವುದಿಲ್ಲ.

ಮುಂಬಯಿ ಸೇವೆಯ ಕಾಲದಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಎಲ್ಲರೂ ಬಲ್ಲರು. ನನ್ನ ಉದ್ದೇಶಕ್ಕೆ ಅದಕ್ಕಿಂತ ಮುಖ್ಯವಾದುದು ನೀರಾ ಕಾಲುವೆಯ ಪ್ರದೇಶದಲ್ಲಿ ಅವರು ರೂಪಿಸಿದ ‘ಬ್ಲಾಕ್’ ನೀರಾವರಿ ಪದ್ಧತಿ. ಕಾಲುವೆಯ ಮೇಲ್ಭಾಗದವರಿಗೆ ಬೇಕಾದಷ್ಟು, ಕೆಳಭಾಗದವರಿಗೆ ಬೇಡಿದಷ್ಟೂ ಇಲ್ಲ ಎಂಬ ಸ್ಥಿತಿ ಅಲ್ಲಿತ್ತು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಬ್ಲಾಕಿನೊಳಗೆ ಹೆಚ್ಚು ನೀರು ಬೇಡುವ ಬೆಳೆಗೂ ಕಡಿಮೆ ಬೇಡುವ ಬೆಳೆಗೂ ಸರದಿ ಗೊತ್ತುಪಡಿಸಿ, ಸಿಗುವ ನೀರಿನಲ್ಲಿ ಹೆಚ್ಚು ಹಳ್ಳಿಗಳಿಗೆ ಪಾಲು ಒದಗಿಸುವುದು ಅದರ ತಿರುಳು. ಮೊದಲಿಗೆ ರೈತರಿಂದಲೂ ಪತ್ರಿಕೆಗಳಿಂದಲೂ ವಿರೋಧ ಬಂತು. ತಂತ್ರಜ್ಞಾನವೆಂದರೆ ಕಲ್ಲು, ಗಾರೆ, ಕಬ್ಬಿಣ ಮಾತ್ರವಲ್ಲ, ಅದನ್ನು ಬಳಸುವವರ ನಡುವಿನ ಒಪ್ಪಂದವೂ ಹೌದು ಎಂಬ ಪಾಠವನ್ನು ಅವರು ಅಲ್ಲಿಯೇ ಕಲಿತಿರಬೇಕು.

1898ರಲ್ಲಿ ಅವರು ಜಪಾನಿಗೆ ಹೋಗಿಬಂದರು. ಮೂರು ದಶಕಗಳ ಹಿಂದಿನವರೆಗೆ ಊಳಿಗಮಾನ್ಯ ವ್ಯವಸ್ಥೆಯಲ್ಲಿದ್ದ ದೇಶವೊಂದು ಶಾಲೆ, ಬ್ಯಾಂಕು, ಕಾರ್ಖಾನೆಗಳ ಮೂಲಕ ತಲೆಯೆತ್ತಿ ನಿಂತ ದೃಶ್ಯ ಅವರ ಮುಂದಿನ ಆಲೋಚನೆಯನ್ನೆಲ್ಲ ರೂಪಿಸಿತು. 1908ರಲ್ಲಿ ಮುಂಬಯಿ ಸೇವೆಯನ್ನು ಬಿಟ್ಟು ಯುರೋಪಿನ ಪ್ರವಾಸದಲ್ಲಿದ್ದಾಗ ಮೂಸಿ ನದಿಯ ಪ್ರವಾಹದಿಂದ ನಲುಗಿದ ಹೈದರಾಬಾದಿನಿಂದ ಕರೆ ಬಂತು. ಆ ಕೆಲಸ ಮುಗಿಸಿ 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. 1912ರ ನವೆಂಬರಿನಲ್ಲಿ ದಿವಾನರಾದರು.

ದಿವಾನಗಿರಿಗೂ ಮೊದಲೇ, ಅವರ ಒತ್ತಾಸೆಯಿಂದ ಹುಟ್ಟಿದ್ದು ಮೈಸೂರು ಆರ್ಥಿಕ ಸಮ್ಮೇಳನ. 1911ರ ಜೂನ್ ತಿಂಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಸಮ್ಮೇಳನವೆಂಬ ಹೆಸರಿದ್ದರೂ ಅದು ಎರಡು ದಿನ ಸೇರಿ ಚದುರುವ ಸಭೆಯಾಗಿರಲಿಲ್ಲ. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ವಿಷಯಗಳಿಗೆ ಕೇಂದ್ರ ಸಮಿತಿಗಳಿದ್ದವು. ಅವುಗಳ ಕೆಳಗೆ ಜಿಲ್ಲಾ ಸಮಿತಿ, ಅದರ ಕೆಳಗೆ ತಾಲ್ಲೂಕು ಸಮಿತಿಗಳನ್ನು ಕಟ್ಟುವ ಪ್ರಯತ್ನ ನಡೆಯಿತು. ಕಡೂರು ಜಿಲ್ಲೆಯೆಂದೇ ಆಗ ಕರೆಯಲಾಗುತ್ತಿದ್ದ, 1947ರಲ್ಲಿ ಚಿಕ್ಕಮಗಳೂರು ಎಂದು ಹೆಸರು ಬದಲಾದ ನಮ್ಮ ಜಿಲ್ಲೆಯೂ ಈ ಏರ್ಪಾಡಿನೊಳಗಿತ್ತು. ಕನ್ನಡದ ಬೆಳವಣಿಗೆಯ ಬಗ್ಗೆ ಇದೇ ಸಮ್ಮೇಳನದಲ್ಲಿ ನಡೆದ ಸಮಾಲೋಚನೆಯ ಫಲವಾಗಿಯೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ರೂಪುಗೊಂಡಿತು. ಹೊಸ ತಿಳಿವಳಿಕೆ ಜನರ ನುಡಿಯಲ್ಲಿ ಇಳಿಯದೆ ಜನರ ಬಾಳಿನಲ್ಲಿ ಇಳಿಯದು ಎಂಬ ಅರಿವು ಅಲ್ಲಿತ್ತು.

ಹೊರಗಿನ ಜಗತ್ತಿನೊಡನೆ ಹೋಲಿಸಿದರೆ ಇದರ ಮಹತ್ವ ತಿಳಿಯುತ್ತದೆ. ಅಮೆರಿಕದ ಕೃಷಿ ವಿಸ್ತರಣಾ ವ್ಯವಸ್ಥೆಗೆ, ಅಂದರೆ ವಿಶ್ವವಿದ್ಯಾಲಯದ ಸಂಶೋಧನೆಯನ್ನು ಹೊಲದವರೆಗೆ ಒಯ್ಯುವ ವ್ಯವಸ್ಥೆಗೆ, ರಾಷ್ಟ್ರಮಟ್ಟದ ಕಾನೂನಿನ ಬಲ ಬಂದದ್ದು 1914ರ ಸ್ಮಿತ್-ಲೀವರ್ ಕಾಯ್ದೆಯಿಂದ. ಅದೇ ವರ್ಷಗಳಲ್ಲಿ ಮೈಸೂರು ಕೂಡ ತನ್ನದೇ ರೀತಿಯಲ್ಲಿ ಅದೇ ಪ್ರಶ್ನೆಯನ್ನು ಎದುರಿಸುತ್ತಿತ್ತು.

ಒಂದರ ಹಿಂದೊಂದರಂತೆ ಇತರ ಸಂಸ್ಥೆಗಳು ಬಂದವು. 1913ರಲ್ಲಿ ಮೈಸೂರು ಬ್ಯಾಂಕು ಆರಂಭವಾಯಿತು. ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆದ ಅದು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 1913ರಲ್ಲೇ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಮತ್ತು ಮೈಸೂರು ವಾಣಿಜ್ಯ ಮಂಡಳಿ ಎರಡೂ ಸ್ಥಾಪನೆಯಾದವು. ಆ ಮಂಡಳಿಯೇ ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ಮಹಾಸಂಘ. ಹಣಕ್ಕೆ ಬ್ಯಾಂಕು, ತಿಳಿವಳಿಕೆಗೆ ಶಾಲೆ, ದನಿಗೆ ಮಂಡಳಿ, ಇವೆಲ್ಲವನ್ನೂ ಒಂದೆಡೆ ಕೂರಿಸಿ ಮಾತನಾಡಿಸಲು ಆರ್ಥಿಕ ಸಮ್ಮೇಳನ ಎಂಬುದು ಈ ಜೋಡಣೆಯ ಹಿಂದಿನ ತರ್ಕ.

ತಕ್ಕ ವ್ಯಕ್ತಿಗಳನ್ನು ಆರಿಸಿಕೊಳ್ಳುವುದರಲ್ಲೂ ಅವರು ಜಾಣರು. ಕೈಗಾರಿಕಾ ಇಲಾಖೆಯ ಹೊಣೆ ಹೊತ್ತ ಆಲ್‌ಫ್ರೆಡ್ ಚಾಟರ್ಟನ್ ಅದಕ್ಕೂ ಮುನ್ನ ಮದರಾಸು ಪ್ರಾಂತ್ಯದಲ್ಲಿ ಅಲ್ಯೂಮಿನಿಯಂ ಪಾತ್ರೆ, ಕ್ರೋಮ್ ಚರ್ಮ, ಎಂಜಿನ್ನಿನಿಂದ ನೀರೆತ್ತುವಿಕೆ ಮುಂತಾದ ಪ್ರಯೋಗಗಳನ್ನು ಯಶಸ್ವಿಯಾಗಿ ನಡೆಸಿದ್ದರು. ಸರ್ಕಾರ ಉದ್ಯಮದಲ್ಲಿ ಕೈಹಾಕುವುದು ಸಲ್ಲದೆಂದು 1910ರಲ್ಲಿ ಲಂಡನ್ನಿನ ಭಾರತ ಸಚಿವರು ಆಕ್ಷೇಪಿಸಿದ್ದರಿಂದ ಅಲ್ಲಿ ಆ ಕೆಲಸಕ್ಕೆ ತಡೆ ಬಿದ್ದಿತ್ತು. ಬ್ರಿಟಿಷ್ ಪ್ರಾಂತ್ಯದಲ್ಲಿ ಮುಚ್ಚಿದ ಬಾಗಿಲು ದೇಶೀ ಸಂಸ್ಥಾನದಲ್ಲಿ ತೆರೆಯಿತು.

ಇದರ ಸ್ಪಷ್ಟ ಫಲ ಶ್ರೀಗಂಧದ ಎಣ್ಣೆ. ಮೈಸೂರು ಸೀಮೆಯ ಗಂಧದ ಕೊರಡುಗಳು ಹರಾಜಿನಲ್ಲಿ ಮಾರಾಟವಾಗಿ ಬಹುಪಾಲು ಜರ್ಮನಿ ಮೊದಲಾದ ಕಡೆ ಹೋಗಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾಗುತ್ತಲೇ ಕೊಳ್ಳುವವರಿಲ್ಲದೆ ಸಂಸ್ಥಾನದ ಆದಾಯಕ್ಕೇ ಪೆಟ್ಟು ಬಿತ್ತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆ ಇಳಿಸುವ ವಿಧಾನವನ್ನು ಪ್ರಯೋಗಾಲಯದಲ್ಲಿ ಸಿದ್ಧಪಡಿಸಿದರು. ಚಾಟರ್ಟನ್ ಅದನ್ನು ಕಾರ್ಖಾನೆಯ ಪ್ರಮಾಣಕ್ಕೆ ತಂದರು. 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಎಣ್ಣೆ ಕಾರ್ಖಾನೆಗಳು ನಿಂತವು. ಸಾಬೂನಿನ ಕಾರ್ಖಾನೆ ಅದನ್ನು ಹಿಂಬಾಲಿಸಿತು. ವಿಜ್ಞಾನ ಸಂಸ್ಥೆ ಮತ್ತು ಅರಣ್ಯ ಇಲಾಖೆ ಎರಡೂ ಮೊದಲೇ ಇದ್ದವು. ಅವೆರಡರ ನಡುವೆ ಓಡಾಡುವ ಒಂದು ಇಲಾಖೆ ಇದ್ದುದರಿಂದ ಬಿಕ್ಕಟ್ಟು ಉದ್ಯಮವಾಗಿ ಪರಿಣಮಿಸಿತು.

ಸಣ್ಣ ಹಿಡುವಳಿದಾರರ ಮಟ್ಟದಲ್ಲಿ ಇದಕ್ಕಿಂತಲೂ ಆಳವಾಗಿ ಬೇರೂರಿದ್ದು ಅಡಿಕೆಯ ಕೊಳೆರೋಗದ ಔಷಧಿ. ಕೆನಡಾ ಮೂಲದ ಲೆಸ್ಲಿ ಕೋಲ್‌ಮನ್ 1908ರಲ್ಲೇ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಮೈಸೂರಿಗೆ ಬಂದಿದ್ದರು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಜಡಿಮಳೆಯ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಸಾಗರದ ಕಡೆ ಕೊಳೆ ಬಂದರೆ ಎಳೆಯ ಕಾಯಿ ನೆಲ ಕಾಣುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದೊಂದೇ ಬೆಳೆಗಾರರಿಗೆ ಗೊತ್ತಿದ್ದ ಉಪಾಯ. ಕೋಲ್‌ಮನ್ ರೋಗದ ಮೂಲವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದಿಂದ ತಯಾರಾಗುವ ಬೋರ್ಡೋ ದ್ರಾವಣವನ್ನು ತೋಟಗಳಲ್ಲೇ ಸಿಂಪಡಿಸಿ ತೋರಿಸಿದರು. ದ್ರಾಕ್ಷಿ ತೋಟಕ್ಕೆಂದು ಫ್ರಾನ್ಸಿನಲ್ಲಿ ಹುಟ್ಟಿದ ಔಷಧಿ ಹೀಗೆ ಮಲೆನಾಡಿನ ಕೊನೆಗಾರನ ಕೈ ಸೇರಿತು.

ಇಂದು ತರೀಕೆರೆಯ ಕಡೆ ಯಾವ ಅಡಿಕೆ ಬೆಳೆಗಾರರನ್ನು ಕೇಳಿದರೂ, ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ ಎಂಬ ಲೆಕ್ಕ ನಾಲಿಗೆಯ ತುದಿಯಲ್ಲಿರುತ್ತದೆ. ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂಬ ಪರೀಕ್ಷೆಯೂ ಗೊತ್ತು. ಅದನ್ನು ಯಾರು ತಂದರೆಂಬುದನ್ನು ಜನ ಮರೆತಿದ್ದಾರೆ. ವಿದ್ಯೆಯೊಂದು ನಿಜವಾಗಿ ಜೀರ್ಣವಾದುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ. ಜನರಿಗೆ ಸಿಕ್ಕಿದ್ದು ಔಷಧಿಯಷ್ಟೇ ಆಗಿದ್ದರೆ ಅದು ಮರುವರ್ಷವೇ ಮೂಲೆ ಸೇರುತ್ತಿತ್ತು. ಅದರೊಡನೆ ಬೆರೆಸುವ ಕ್ರಮ, ಪರೀಕ್ಷಿಸುವ ಕ್ರಮ, ಸಿಂಪಡಿಸುವ ಕಾಲ ಎಲ್ಲವೂ ಬಂದದ್ದರಿಂದ ಅದು ಉಳಿಯಿತು. ನಾನು ಸಹಿ ಹಾಕಿದ ಯಂತ್ರದೊಡನೆ ಇವು ಯಾವುವೂ ಬಂದಿರಲಿಲ್ಲ.

ವಿಶ್ವೇಶ್ವರಯ್ಯನವರ ಕಾಲದ ಎಲ್ಲ ಪ್ರಯತ್ನಗಳೂ ಹೀಗೆ ಬೇರೂರಲಿಲ್ಲ ಎಂಬುದನ್ನೂ ಹೇಳಬೇಕು. ಸಮ್ಮೇಳನದ ಸಮಿತಿಗಳಲ್ಲಿ ಕುಳಿತವರು ಬಹುಮಟ್ಟಿಗೆ ಅಧಿಕಾರಿಗಳು, ವಕೀಲರು, ಜಮೀನ್ದಾರರು, ವರ್ತಕರು. ಕಮ್ಮಾರ, ನೇಕಾರ, ಗಾಣಿಗರ ಹೆಸರಿನಲ್ಲಿ ಮಾತು ನಡೆಯುತ್ತಿತ್ತಾದರೂ ಅವರೇ ಬಂದು ಮಾತನಾಡಿದ್ದು ಕಡಿಮೆ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಪ್ರಶ್ನೆಯನ್ನು ಪರಿಶೀಲಿಸಲು 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ದಿವಾನರು ಅದನ್ನು ಒಪ್ಪಲಿಲ್ಲ. ಅರ್ಹತೆಯೇ ಮಾನದಂಡವಾಗಬೇಕೆಂಬುದು ಅವರ ನಿಲುವು. ಆ ಭಿನ್ನಾಭಿಪ್ರಾಯ ಆ ವರ್ಷದ ಕೊನೆಗೆ ಅವರ ರಾಜೀನಾಮೆಯಲ್ಲಿ ಕೊನೆಗೊಂಡಿತು. ಇತಿಹಾಸ ಮಹಾರಾಜರ ಪರವಾಗಿ ತೀರ್ಪು ಕೊಟ್ಟಿದೆ ಎಂದೇ ನಾನು ಭಾವಿಸುತ್ತೇನೆ. ವಿದ್ಯೆಯನ್ನು ದಾಟಿಸುವ ಸ್ಥಾನದಲ್ಲಿ ಒಂದೇ ಬಗೆಯ ಜನರಿದ್ದರೆ ವಿದ್ಯೆ ಅವರಿಗೆ ಪರಿಚಯವಿರುವ ಮನೆಗಳನ್ನಷ್ಟೇ ಮುಟ್ಟುತ್ತದೆ. ಯಾರು ನಡುವೆ ನಿಂತಿದ್ದಾರೆ ಎಂಬುದು ಯಾರಿಗೆ ತಲುಪುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಅವರಂಥ ದೂರದೃಷ್ಟಿಯವರಿಗೂ ಈ ಅಂಶ ಪೂರ್ತಿ ಕಾಣಲಿಲ್ಲ.

ಎರಡನೆಯ ಮಿತಿ, ಸಂಸ್ಥೆಗಳು ಅವರ ವ್ಯಕ್ತಿತ್ವದ ಬಲದ ಮೇಲೆ ನಿಂತಿದ್ದುದು. ಅವರು ಅಧಿಕಾರ ಬಿಟ್ಟ ಮೇಲೆ ಆರ್ಥಿಕ ಸಮ್ಮೇಳನದ ಹುರುಪು ಇಳಿಯಿತು. ಬ್ಯಾಂಕಿಗೂ ವಿಶ್ವವಿದ್ಯಾಲಯಕ್ಕೂ ತಮ್ಮದೇ ಆದಾಯ, ತಮ್ಮದೇ ಕಟ್ಟಡ, ತಮ್ಮದೇ ಕಾನೂನು ಇದ್ದುದರಿಂದ ಅವು ಬಾಳಿದವು. ತಾಲ್ಲೂಕು ಸಮಿತಿಗೆ ಇದಾವುದೂ ಇರಲಿಲ್ಲ. ಹೀಗಾಗಿ ಮೇಲಿನ ಮೆಟ್ಟಿಲುಗಳು ಉಳಿದು ಅತ್ಯಂತ ಕೆಳಗಿನ ಮೆಟ್ಟಿಲೇ ಕಳಚಿಬಿತ್ತು.

ನಮ್ಮ ಸೀಮೆಯೊಡನೆ ಅವರ ನಂಟು ಅಲ್ಲಿಗೆ ಮುಗಿಯಲಿಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಕೆಲಸ 1918ರಲ್ಲಿ ಆರಂಭವಾಗಿ 1923ರಲ್ಲಿ ಉತ್ಪಾದನೆಗೆ ಬಂತು. ಅದಿರು ಬರುತ್ತಿದ್ದುದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಇದ್ದಿಲಿಗೆ ಸುತ್ತಲ ಕಾಡು. ಯುದ್ಧಾನಂತರ ಬೀಡುಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟಕ್ಕೆ ಸಿಲುಕಿದಾಗ, ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಹಳಿಗೆ ತಂದರು. ವಿದೇಶೀ ತಜ್ಞರನ್ನು ಅವಲಂಬಿಸಿದ್ದ ಕಡೆ ಸ್ಥಳೀಯ ಎಂಜಿನಿಯರುಗಳನ್ನು ತಯಾರು ಮಾಡುವುದು ಅವರ ಮುಖ್ಯ ಕಾಳಜಿಗಳಲ್ಲೊಂದಾಗಿತ್ತು. ಈ ಸೇವೆಗೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಬೇಕೆಂದು ಅವರು ಬಯಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಹುಟ್ಟಿದ್ದು ಹೀಗೆ.

ಎಕ್ಸ್‌ಪೆಲ್ಲರ್ ಕಥೆಯ ಉಳಿದ ಭಾಗವನ್ನು ಇಲ್ಲಿ ಹೇಳುವುದು ಉಚಿತ. ಗೋಣಿತಾಟಿನಡಿಯ ಯಂತ್ರವನ್ನು ಕಂಡ ಮೇಲೆ ನಾನು ವಿಚಾರಿಸಿದ ತಜ್ಞರೆಲ್ಲ ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದರು. ಕೊನೆಗೆ ನೆರವಿಗೆ ಬಂದವರು ತರೀಕೆರೆಯಲ್ಲಿ ನೆಲೆಸಿದ್ದ ಒಬ್ಬ ನಿವೃತ್ತ ಫಿಟ್ಟರ್. ಭದ್ರಾವತಿ ಕಾರ್ಖಾನೆಯಲ್ಲಿ ಕೆಲಸ ಕಲಿತು ಅಲ್ಲೇ ಸೇವೆ ಮುಗಿಸಿದ್ದ ಅವರು ಹದಿನೈದು ದಿನ ಬಸ್ಸಿನಲ್ಲಿ ಹೋಗಿಬಂದು ಯಂತ್ರವನ್ನು ಬಿಚ್ಚಿ ಜೋಡಿಸಿದರು. ಕೊಬ್ಬರಿಯನ್ನು ಹದಕ್ಕೆ ಬಿಸಿ ಮಾಡುವುದನ್ನೂ, ಬಾಯಿ ಬಿಗಿಯುವುದನ್ನೂ, ಸವೆದ ಸುರುಳಿಗೆ ವೆಲ್ಡಿಂಗ್ ಮಾಡಿಸಿ ಮತ್ತೆ ಬಳಸುವುದನ್ನೂ ಗಾಣದ ಮನೆಯ ಮಗನಿಗೆ ಕಲಿಸಿದರು. ಬಸ್ ಚಾರ್ಜಿನ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ. ಯಂತ್ರ ತಿರುಗಿತು. ಆದರೆ ಅಷ್ಟರಲ್ಲಿ ಬೆಳೆದಿದ್ದ ಬಡ್ಡಿಯನ್ನು ತೀರಿಸಲು ಆ ಕುಟುಂಬಕ್ಕೆ ಕೆಲವು ವರ್ಷಗಳೇ ಬೇಕಾದವು. ಹದಿನೈದು ದಿನಗಳ ಆ ಪಾಠ ಮೊದಲ ವಾರದಲ್ಲೇ ದೊರಕಿದ್ದರೆ ಆ ವರ್ಷಗಳು ಉಳಿಯುತ್ತಿದ್ದವು. ನಮ್ಮ ಯಾವ ಕಡತದಲ್ಲೂ ಆ ಹಿರಿಯರ ಹೆಸರಿಲ್ಲ. ಅವರು ಮಾಡಿದ ಕೆಲಸಕ್ಕೆ ಹೊಂದುವ ಹುದ್ದೆಯೂ ಇರಲಿಲ್ಲ.

ತಮ್ಮ ಕೊನೆಯ ದಶಕಗಳಲ್ಲಿ ವಿಶ್ವೇಶ್ವರಯ್ಯನವರು ಇದೇ ಪ್ರಶ್ನೆಗೆ ಮತ್ತೆ ಮತ್ತೆ ಮರಳಿದರು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪ್ರತಿಪಾದಿಸುವ ಗ್ರಂಥ ಬರೆದರು. 1941ರಲ್ಲಿ ಅಖಿಲ ಭಾರತ ತಯಾರಕರ ಸಂಘವನ್ನು ಕಟ್ಟಿದರು. ಯಂತ್ರ ಮತ್ತು ದೊಡ್ಡ ಉದ್ಯಮಗಳ ವಿಚಾರದಲ್ಲಿ ಗಾಂಧೀಜಿಯವರಿಗೂ ಅವರಿಗೂ ಒಮ್ಮತವಿರಲಿಲ್ಲ. ಆದರೂ ಸ್ವಾತಂತ್ರ್ಯ ಬಂದ ಬಳಿಕ, ವಯಸ್ಸು ಎಂಬತ್ತೈದು ದಾಟಿದ ಮೇಲೆ, ಅವರು ಬೆನ್ನುಹತ್ತಿದ್ದು ಗ್ರಾಮ ಕೈಗಾರಿಕೀಕರಣದ ಯೋಜನೆಯನ್ನು. ಹಳ್ಳಿಗಳ ಗುಂಪಿಗೊಂದು ಸಮಿತಿ, ಅದರ ಮೂಲಕ ಸಣ್ಣ ಉದ್ಯಮ ಎಂಬ ಆ ಕಲ್ಪನೆಯನ್ನು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಪ್ರಯೋಗಿಸಲಾಯಿತು. ಹಿಂದೆ ಕಳಚಿಹೋದ ಕೆಳಗಿನ ಮೆಟ್ಟಿಲನ್ನು ಮತ್ತೆ ಜೋಡಿಸುವ ಯತ್ನವೆಂದು ನಾನದನ್ನು ಓದುತ್ತೇನೆ. 1955ರಲ್ಲಿ ಭಾರತ ರತ್ನ ಪಡೆದ ಅವರು ನೂರು ವರ್ಷದ ತುಂಬುಜೀವನ ನಡೆಸಿ 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿದೆ.

ಅವರ ನಂತರ ನಡುವಣ ಸಂಸ್ಥೆಗಳಿಗೇನೂ ಬರವಿಲ್ಲ. ಸಣ್ಣ ಕೈಗಾರಿಕೆಗಳ ಸಂಘವಾದ ‘ಕಾಸಿಯಾ’ 1949ರಿಂದ ಇದೆ. ರಾಜ್ಯ ಹಣಕಾಸು ಸಂಸ್ಥೆ 1959ರಲ್ಲಿ ಬಂತು. ಜಿಲ್ಲಾ ಕೈಗಾರಿಕಾ ಕೇಂದ್ರಗಳು 1978ರಲ್ಲಿ ಆರಂಭವಾದವು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾಲಯ, ಕೃಷಿ ವಿಜ್ಞಾನ ಕೇಂದ್ರ ಎಲ್ಲವೂ ಇವೆ. ಅಡಿಕೆ ಬೆಳೆಗಾರರಿಗೆ ಮ್ಯಾಮ್‌ಕೋಸ್, ಕ್ಯಾಂಪ್ಕೊಗಳಂಥ ಸಹಕಾರಿ ಸಂಸ್ಥೆಗಳು ಬೆಲೆಯ ವಿಚಾರದಲ್ಲಿ ಆಸರೆಯಾಗಿವೆ. 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ 35ರ ಸಹಾಯಧನದ ಜೊತೆಗೆ ಉದ್ಯಮಿಗಳ ಕೈಹಿಡಿದು ನಡೆಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನೂ ನೇಮಿಸಲಾಯಿತು. ಇದು ಸರಿಯಾದ ದಿಕ್ಕಿನ ಹೆಜ್ಜೆಯೇ. ಆದರೆ ಅವರ ಸಂಭಾವನೆಯನ್ನು ಮಂಜೂರಾದ ಸಾಲದ ಪ್ರಕರಣಗಳ ಲೆಕ್ಕಕ್ಕೆ ಜೋಡಿಸಿದ್ದು ಹಳೆಯ ರೋಗದ ಲಕ್ಷಣ. ಸಾಲ ಸಿಕ್ಕ ದಿನ ನಮ್ಮ ಕೆಲಸ ಮುಗಿಯಿತೆಂದು ಭಾವಿಸುವ ಅಭ್ಯಾಸವನ್ನು ಆಡಳಿತ ಇನ್ನೂ ಬಿಟ್ಟಿಲ್ಲ. ನಾನೂ ಅದೇ ಅಭ್ಯಾಸದವನಾಗಿದ್ದೆ.

ಕಡೂರಿನಲ್ಲಿ ತೆಂಗಿದೆ, ತರೀಕೆರೆಯಲ್ಲಿ ಅಡಿಕೆಯಿದೆ, ಅಜ್ಜಂಪುರದಲ್ಲಿ ಈರುಳ್ಳಿಯಿದೆ. ಮೂರು ಊರುಗಳೂ ರೈಲು ಮಾರ್ಗದ ಮೇಲಿವೆ. ಎಣ್ಣೆ ಗಿರಣಿ, ಅಡಿಕೆ ಸುಲಿಯುವ ಮತ್ತು ಒಣಗಿಸುವ ಘಟಕ, ಈರುಳ್ಳಿ ಸಂಗ್ರಹಣೆ, ಯಂತ್ರ ರಿಪೇರಿಯ ಲೇತು ಅಂಗಡಿ, ಹೀಗೆ ನೂರಾರು ಕುಟುಂಬಗಳ ಬದುಕು ಸಣ್ಣ ಯಂತ್ರಗಳ ಮೇಲೆ ನಿಂತಿದೆ. ಜಪಾನಿನಲ್ಲಿ ಪ್ರತಿ ಪ್ರಾಂತ್ಯದಲ್ಲೂ ಸಾರ್ವಜನಿಕ ಪರೀಕ್ಷಾ ಕೇಂದ್ರಗಳಿದ್ದು, ಸಣ್ಣ ಉದ್ಯಮಿ ತನ್ನ ಸರಕನ್ನೂ ಸಮಸ್ಯೆಯನ್ನೂ ಅಲ್ಲಿಗೆ ಒಯ್ಯಬಹುದು. ನಮಗೆ ಅಷ್ಟು ದೊಡ್ಡದು ಒಮ್ಮೆಗೇ ಬೇಕಾಗಿಲ್ಲ. ಈ ಮೂರು ತಾಲ್ಲೂಕುಗಳಿಗೆ ಸೇರಿ ಯಂತ್ರ ಬಲ್ಲ ಇಬ್ಬರು, ಆಹಾರ ಸಂಸ್ಕರಣೆ ಬಲ್ಲ ಒಬ್ಬರು, ಸಾಲ ಮತ್ತು ಲೆಕ್ಕ ಬಲ್ಲ ಒಬ್ಬರು ಇದ್ದರೆ ಸಾಕು. ಅವರು ಐದು ವರ್ಷ ವರ್ಗಾವಣೆಯಿಲ್ಲದೆ ಇಲ್ಲೇ ಇರಬೇಕು. ಅವರ ಮೇಲಿನ ಸಮಿತಿಯಲ್ಲಿ ಅಧಿಕಾರಿಗಳಿಗಿಂತ ಗಾಣದವರು, ಲೇತು ಅಂಗಡಿಯವರು, ಸ್ತ್ರೀಶಕ್ತಿ ಸಂಘದವರು ಹೆಚ್ಚಾಗಿರಬೇಕು. ಮತ್ತು ಆ ಸಮಿತಿಗೆ ಕಾನೂನಿನ ನೆಲೆಯೂ ತನ್ನದೇ ಆದ ಆದಾಯದ ಮೂಲವೂ ಇರಬೇಕು. ಇಲ್ಲವಾದರೆ ಅದಕ್ಕೂ 1911ರ ತಾಲ್ಲೂಕು ಸಮಿತಿಗಳ ಗತಿಯೇ ಕಾದಿದೆ.

ಇದಕ್ಕೂ ಮೊದಲು, ಖರ್ಚಿಲ್ಲದೆ ಮಾಡಬಹುದಾದ ಒಂದು ಬದಲಾವಣೆಯಿದೆ. ಎಷ್ಟು ಯಂತ್ರ ವಿತರಿಸಲಾಯಿತು ಎಂದು ಕೇಳುವ ನಮೂನೆಯ ಪಕ್ಕದಲ್ಲಿ, ಮ‌ೂರು ವರ್ಷದ ಹಿಂದೆ ವಿತರಿಸಿದವುಗಳಲ್ಲಿ ಎಷ್ಟು ಇಂದಿಗೂ ನಡೆಯುತ್ತಿವೆ ಎಂದು ಕೇಳುವ ಒಂದು ಕಾಲಂ ಸೇರಿಸುವುದು. ಅಂಕಿ ಅಂಶಗಳನ್ನು ಸದಾ ಎದುರಿಗಿಟ್ಟುಕೊಂಡೇ ಕೆಲಸ ಮಾಡುತ್ತಿದ್ದ ವಿಶ್ವೇಶ್ವರಯ್ಯನವರು ಈ ಕಾಲಮ್ಮನ್ನು ಒಪ್ಪುತ್ತಿದ್ದರೆಂದು ನನ್ನ ನಂಬಿಕೆ. 1989ರಲ್ಲಿ ಅಂಥದೊಂದು ಕಾಲಂ ಇದ್ದಿದ್ದರೆ, ಎಂಟು ತಿಂಗಳ ನಂತರ ಅಕಸ್ಮಾತ್ತಾಗಿ ಆ ದಾರಿಯಲ್ಲಿ ಹೋಗುವವರೆಗೆ ನಾನು ಕಾಯಬೇಕಾಗುತ್ತಿರಲಿಲ್ಲ.